ಗಂಗಾಧರಪ್ಪನ ಮಣ್ಣು

ಮೊಳೆ ಗೋಡೆಗೆ ಇಳಿಯಲೊಲ್ಲದು. ಇನ್ನೊಂದೂ ಸೊಟ್ಟಗಾಗಿ ನೆಲಕ್ಕೆ ಬಿದ್ದಾಗ ತಮ್ಮಯ್ಯ ಸುತ್ತಿಗೆ ಕೆಳಗಿಟ್ಟು ಹಣೆ ಒರೆಸಿಕೊಂಡ. ಮದ್ರಾಸಿನ ಪ್ಯಾರಿಸ್ ಕಾರ್ನರಿನ ಅಂಗಡಿಬೀದಿಯಲ್ಲಿ ಅರ್ಧ ಆಯಸ್ಸು ಮೊಳೆ, ಬೋಲ್ಟು, ಬೀಗ ಮಾರಿದ ಮನುಷ್ಯ. ಅವನಿಗೇ ಈ ಗತಿ.

"ಹಾಳು ಕಾಂಕ್ರೀಟು! ಊರಲ್ಲಾಗಿದ್ರೆ ಒಂದೇ ಏಟಿಗೆ ಇಳೀತಿತ್ತು. ಹಿಡ್ಕೊಂಡಿರ್ರಪ್ಪಾ, ಬಿಡಬೇಡಿ," ಎಂದು ಮತ್ತೊಂದು ಮೊಳೆ ತೆಗೆದುಕೊಂಡ.

ಹಿಡಿದುಕೊಂಡಿದ್ದವರು ಎದುರುಮನೆಯ ತಮಿಳು ಅಣ್ಣತಮ್ಮಂದಿರು. ಅವರಿಬ್ಬರ ನಡುವೆ, ಮಣೆಯ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತಿದ್ದವನು ಗಂಗಾಧರಪ್ಪ. ಬೆಳಗ್ಗೆ ಹಾಲಿನ ಪ್ಯಾಕೆಟ್ ಬರುವ ಹೊತ್ತಿಗೆ ಬಾಲ್ಕನಿಯ ಕುರ್ಚಿಯಲ್ಲಿ ಉಸಿರು ಬಿಟ್ಟಿದ್ದ. ಯಾರಿಗೂ ತೊಂದರೆ ಕೊಡಲಿಲ್ಲ, ಪುಣ್ಯವಂತ ಎಂದು ಬಂದವರೆಲ್ಲ ಹೇಳುತ್ತಿದ್ದರು.

ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿಯಿಲ್ಲ. ಮೈ ಸೆಟೆಯುವ ಮೊದಲೇ ಕೂರಿಸಬೇಕು, ವಿಭೂತಿ ಬಳಿಯಬೇಕು, ಎದೆಗೆ ಬಟ್ಟೆ ಸುತ್ತಿ ಗೋಡೆಯ ಮೊಳೆಗೆ ಕಟ್ಟಬೇಕು, ಎಡಗೈಯಲ್ಲಿ ಇಷ್ಟಲಿಂಗ ಇಡಬೇಕು. ಕೂತಂತೆಯೇ ಮೆರವಣಿಗೆ, ಕೂತಂತೆಯೇ ಗುಂಡಿಗೆ. ಮದ್ರಾಸಿನಲ್ಲಿರುವ ತಮ್ಮವರ ಸಂಘಕ್ಕೆ ತಮ್ಮಯ್ಯ ಕಾರ್ಯದರ್ಶಿ. ಫೋನು ಹೋದ ಸ್ವಲ್ಪ ಹೊತ್ತಿಗೇ ಸುತ್ತಿಗೆ ಹಿಡಿದು ಮಾಧವರಂನ ಈ ಮನೆಗೆ ಬಂದಿಳಿದಿದ್ದ. ಸಾವಿನ ಮನೆಯಲ್ಲಿ ಯಜಮಾನಿಕೆ ಮಾಡುವವರು ಬೇಕಲ್ಲ, ಅಂಥವನು.

"ಸಾರ್, ಐಸ್ ಪೆಟ್ಟಿ ವೇಂಡಾಮಾ?" ಎಂದು ಎದುರುಮನೆಯಾತ ಕೇಳಿದ. ಈ ಊರಿನಲ್ಲಿ ಹೆಣವೆಂದರೆ ಮೊದಲು ಬರುವುದು ಗಾಜಿನ ಮುಚ್ಚಳದ ಐಸ್ ಪೆಟ್ಟಿಗೆ.

ಪೆಟ್ಟಿಗೆ ಎಂದ ಕೂಡಲೇ ಮೂಲೆಯಲ್ಲಿ ಕೂತಿದ್ದ ಅವನ ಹೆಂಡತಿ ಸುಮಿತ್ರಮ್ಮ ತಲೆಯೆತ್ತಿದಳು. ತಮ್ಮಯ್ಯ ಬೇಡವೆಂದು ಕೈಯಾಡಿಸಿದ. ಕೊನೆಗೆ ಮೊಳೆಯ ಸಹವಾಸವೇ ಬೇಡವೆಂದು ಗಂಗಾಧರಪ್ಪನನ್ನು ಕಿಟಕಿಯ ಹತ್ತಿರ ಸರಿಸಿ, ಎದೆಯ ಬಟ್ಟೆಯನ್ನು ಕಬ್ಬಿಣದ ಗ್ರಿಲ್ಲಿಗೆ ಕಟ್ಟಿದ.

"ಮಣ್ಣು ಎಷ್ಟೊತ್ತಿಗೆ?" ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹೆಂಗಸೊಬ್ಬಳು ಕೇಳಿದಳು.

"ನಾಲ್ಕು ಗಂಟೆಗೆ. ಇವರ ಅಣ್ಣ ಬರಬೇಕು, ಗುಬ್ಬಿಯಿಂದ ಹೊರಟಿದಾರೆ." ತಮ್ಮಯ್ಯ ಫೋನು ಕಿವಿಗಿಟ್ಟು ತಮಿಳಿಗೆ ಹೊರಳಿದ. ಅತ್ತ ಕಡೆ, ರೆಡ್‌ಹಿಲ್ಸ್ ದಾಟಿದ ಮೇಲೆ ಸಂಘದವರು ಕೊಂಡಿಟ್ಟ ಜಾಗದಲ್ಲಿ, ಗುಂಡಿ ತೋಡುತ್ತಿದ್ದರು. ಆಳ ಎಷ್ಟಾಯಿತು, ಕೂರಿಸೋ ಗೂಡು ಅಗಲವಾಗಿದೆಯಾ, ಮಣ್ಣು ಸಡಿಲ ಇಲ್ಲ ತಾನೆ ಎಂದೆಲ್ಲ ವಿಚಾರಿಸಿದ.

ಸುಮಿತ್ರಮ್ಮನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಬೆಳಗಿನಿಂದ ಅವಳು ಸರಿಯಾಗಿ ಅತ್ತಿರಲೂ ಇಲ್ಲ. ಅಳುವುದಕ್ಕೆ ಹೆದರಿಕೆ ಬಿಡಬೇಕಲ್ಲ. ಗಂಡ ಅವಳಿಂದ ಎರಡು ಮಾತು ತೆಗೆದುಕೊಂಡಿದ್ದ. ನನ್ನ ಕತೆ ಯಾರಿಗೂ ಹೇಳಬೇಡ ಎಂಬುದು ಒಂದು. ನನ್ನನ್ನು ಮಣ್ಣಿಗೆ ಹಾಕಬೇಡ, ಸುಡು ಎಂಬುದು ಇನ್ನೊಂದು. ಮೊದಲನೆಯದನ್ನು ಮುರಿಯದೆ ಎರಡನೆಯದನ್ನು ನಡೆಸುವುದು ಹೇಗೆ ಎಂದು ಮಾತ್ರ ಹೇಳದೆ ಹೋಗಿದ್ದ. ಅತ್ತ ದರಿ, ಇತ್ತ ಪುಲಿ. ನಾಲ್ಕು ಗಂಟೆಯೊಳಗೆ ಅವಳು ಬಾಯಿ ಬಿಡಬೇಕು, ಇಲ್ಲವೇ ಅವನು ಮಣ್ಣಿನೊಳಗೆ ಹೋಗಬೇಕು.

ಯಾರೂ ನೋಡದಾಗ ಅವಳು ಎದ್ದು ಹೋಗಿ ಗಂಡನ ಮೂಗಿನ ಕೆಳಗೆ ಬೆರಳಿಟ್ಟಳು. ಬೆಳಗಿನಿಂದ ಹೀಗೆ ಎಷ್ಟು ಸಲವಾಯಿತೋ. ಬೆರಳಿಗೆ ಫ್ಯಾನಿನ ಗಾಳಿ ತಾಗಿದರೂ ಜೀವ ಝಲ್ಲೆನ್ನುತ್ತಿತ್ತು.

"ಅಮ್ಮಾ, ಎನ್ನಮ್ಮಾ ಪಣ್ರೆ? ಏನ್ ಮಾಡ್ತಿದೀಯ?" ಮಗಳು ಶಿವರಂಜನಿ ಭುಜ ಹಿಡಿದಳು. ಪೆರುಂಗುಡಿಯ ಆಫೀಸಿನ ಗುರುತಿನ ಚೀಟಿ ಇನ್ನೂ ಅವಳ ಕೊರಳಲ್ಲೇ ಇತ್ತು. "ಡಾಕ್ಟರ್ ಬಂದು ನೋಡಿ ಹೋದ್ರಲ್ಲ. ಅಪ್ಪಾ ಇನ್ನಿಲ್ಲ ಅಮ್ಮಾ. ಬಾ, ಕೂತ್ಕೋ."

*

ಮದುವೆಯಾಗಿ ಮೂರು ತಿಂಗಳಿಗೆ ಮಾವ ತೀರಿಕೊಂಡಿದ್ದರು. ಸುಮಿತ್ರೆಗೆ ಆಗ ಇಪ್ಪತ್ತೆರಡು. ಗುಬ್ಬಿ ಕಡೆಯ ಊರು. ಹೊಲದ ಬದುವಿನಲ್ಲಿ, ಅಜ್ಜ ಮುತ್ತಜ್ಜಂದಿರ ಗದ್ದುಗೆಗಳ ಸಾಲಿನಲ್ಲಿ ಗುಂಡಿ ತೋಡಿದ್ದರು. ಅಪ್ಪನನ್ನು ಕೆಳಗೆ ಇಳಿಸಿಕೊಂಡು ಗೂಡಿನಲ್ಲಿ ಕೂರಿಸಲು ಇಬ್ಬರು ಗಂಡುಮಕ್ಕಳೂ ಗುಂಡಿಗೆ ಇಳಿಯಬೇಕು. ದೊಡ್ಡವನು ಕರಿಬಸಪ್ಪ ಆಗಲೇ ಇಳಿದು, ಎದೆಮಟ್ಟದ ಆಳದಲ್ಲಿ ನಿಂತು, ಮೇಲಕ್ಕೆ ಕೈ ಚಾಚಿದ್ದ.

"ಇಳಿಯೋ ಗಂಗಾ, ಹೊತ್ತಾಗುತ್ತೆ."

ಗಂಗಾಧರಪ್ಪ ಅಂಚಿನಲ್ಲಿ ನಿಂತಿದ್ದ. ಮಿಲಿಟರಿ ಬಿಟ್ಟು ಬಂದು ವರ್ಷವಷ್ಟೇ ಆಗಿತ್ತು. ಗಟ್ಟಿಮುಟ್ಟಾದ ಆಳು. ಒಂದು ಕಾಲು ಮೆಟ್ಟಿಲಿಗಿಟ್ಟ. ಕಾಲ ಕೆಳಗಿನ ಮಣ್ಣು ಜರುಗಿ ಪುಡಿಪುಡಿಯಾಗಿ ಗುಂಡಿಯೊಳಕ್ಕೆ ಸುರಿಯಿತು. ಅಷ್ಟೇ. ಗಂಟಲಿಂದ ಎಂಥದೋ ಸದ್ದು ಹೊರಟು, ಸೇರಿದ ಜನವನ್ನೆಲ್ಲ ತಳ್ಳಿಕೊಂಡು ಓಡಿದ.

"ಹೇಡಿ! ಹೆತ್ತಪ್ಪನಿಗೆ ಹಿಡಿ ಮಣ್ಣು ಹಾಕೋಕಾಗದ ಹೇಡಿ!" ಎಂದು ಕರಿಬಸಪ್ಪ ಗುಂಡಿಯೊಳಗಿಂದಲೇ ಕೂಗಿದ. ಊರವರು ಬಾಯಿಗೆ ಟವೆಲು ಅಡ್ಡ ಹಿಡಿದು, ಮಿಲಿಟರಿಯವನಂತೆ, ಗುಂಡಿ ನೋಡಿದ್ದಕ್ಕೇ ಓಟ ಕಿತ್ತ ಎಂದು ಆಡಿಕೊಂಡರು. ಅಣ್ಣ ತಮ್ಮಂದಿರ ನಡುವೆ ಅಂದು ಹುಟ್ಟಿದ ಮುನಿಸು ಆಮೇಲೆ ಹೋಗಲೇ ಇಲ್ಲ.

ಸುಮಿತ್ರೆ ಹುಡುಕಿಕೊಂಡು ಹೋದಾಗ ಅವನು ಪಂಪುಸೆಟ್ಟಿನ ಹಿಂದೆ ತೊಟ್ಟಿಯ ನೀರಿನಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಹಲ್ಲು ಕಟಕಟ ಕಡಿಯುತ್ತಿತ್ತು. ಅವತ್ತು ಹೇಳಿದ.

ಲಂಕೆಯ ಯುದ್ಧದಲ್ಲಿ ಮೂವರು ಒಂದು ಬಂಕರಿನಲ್ಲಿದ್ದರು. ಬಾಂಬು ಬಿದ್ದು ಮೇಲಿನ ಮಣ್ಣೆಲ್ಲ ಕುಸಿಯಿತು. ಒಬ್ಬ ಅಲ್ಲೇ ಹೋದ. ಇನ್ನೊಬ್ಬ ಮುನಿಸ್ವಾಮಿ, ಇವನ ಭುಜಕ್ಕೆ ಮುಖ ಒತ್ತಿ ಸಿಕ್ಕಿಕೊಂಡವನು, ಬಹಳ ಹೊತ್ತು ಮಾತಾಡುತ್ತಿದ್ದ. ಆಮೇಲೆ ಮಾತು ನಿಂತಿತು. ಒಂದಿಡೀ ರಾತ್ರಿ, ಮಾರನೆಯ ದಿನ ಮಧ್ಯಾಹ್ನದವರೆಗೆ, ಗಂಗಾಧರಪ್ಪ ಆ ಮಣ್ಣಿನೊಳಗೆ ಮುನಿಸ್ವಾಮಿಯ ಜೊತೆ ಇದ್ದ. ತೋಡಿ ತೆಗೆದ ಮೇಲೆ ಮೈಮೇಲೆ ಒಂದು ಗಾಯವಿರಲಿಲ್ಲ. ನಿದ್ದೆ ಇರಲಿಲ್ಲ, ಊಟ ಇರಲಿಲ್ಲ, ತಾನು ಹೊರಗೆ ಬಂದಿದ್ದೇನೆ ಎಂಬ ನಂಬಿಕೆಯೂ ಇರಲಿಲ್ಲ. ಮದ್ರಾಸಿಗೆ ಕಳಿಸಿದರು, ಮನಸ್ಸು ಕೆಟ್ಟ ಸಿಪಾಯಿಗಳ ವಾರ್ಡಿಗೆ.

"ಮನೆಗೆ ಕಾಮಾಲೆ ಅಂತ ಬರೆದೆ," ಎಂದ. "ಅಲ್ಲೊಬ್ಬ ಸಿನಿಮಾದೋನು ಬಂದು ನಮ್ಮನ್ನೆಲ್ಲ ಫಿಲಂ ತೆಗೆದ, ಸುಮಿ. ಯುದ್ಧಕ್ಕೆ ಹೋದೋರಿಗೆ ಏನಾಗುತ್ತೆ, ಹೆಂಗೆ ವಾಸಿ ಮಾಡ್ತಾರೆ ಅಂತ ತೋರಿಸೋಕಂತೆ. ಇಂಜೆಕ್ಷನ್ ಕೊಟ್ಟು ಮಾತಾಡಿಸ್ತಿದ್ರು. ನಾನು ಏನೇನು ಬಾಯಿ ಬಿಟ್ಟೆನೋ, ನಂಗೆ ಒಂದೂ ನೆನಪಿಲ್ಲ."

ಆ ಫಿಲಂ ಎಲ್ಲಿ, ಯಾರು ನೋಡಿಬಿಡುತ್ತಾರೋ ಎಂಬುದೇ ಅವನಿಗೆ ಮಣ್ಣಿನಷ್ಟೇ ದೊಡ್ಡ ಭಯ. "ಯಾರಿಗೂ ಹೇಳ್ಬೇಡ. ಅಣ್ಣಂಗಂತೂ ಹೇಳ್ಲೇಬೇಡ. ನಮ್ಮನೇಲಿ ಹುಚ್ಚಾಸ್ಪತ್ರೆ ಕಂಡೋರಿಲ್ಲ ಅಂತ ಅವ್ನು ಎದೆ ತಟ್ಕೊಂಡು ಹೇಳ್ತಾನೆ."

ಅವಳು ಲಿಂಗ ಮುಟ್ಟಿ ಆಣೆ ಮಾಡಿದಳು. ಹದಿನೈದು ದಿನಕ್ಕೆ ಇಬ್ಬರೂ ಮದ್ರಾಸಿನ ಬಸ್ಸು ಹತ್ತಿದರು. ಅವನು ಮಾಧವರಂನ ಒಂದು ಗೋಡೌನಿನ ಗೇಟಿನಲ್ಲಿ ವಾಚ್‌ಮನ್ ಆದ. ಒಳಗಿನ ಕೆಲಸಕ್ಕೆ ಬಡ್ತಿ ಕೊಡುತ್ತೇವೆಂದರೂ ಹೋಗಲಿಲ್ಲ. ಮಳೆ ಬಂದರೂ ಗೇಟು, ಬಿಸಿಲು ಸುಟ್ಟರೂ ಗೇಟು. ರಿಟೈರಾದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕನ್ನಡದವರು, ತೆಲುಗಿನವರು ಯಾರು ಸಿಕ್ಕಿದರೂ ಯಾವ ಬಸ್ಸು, ಎಲ್ಲಿಗೆ ಎಂದು ದಾರಿ ಹೇಳುತ್ತಿದ್ದ. ಬೇಡವೆಂದವರಿಗೂ ಹೇಳುತ್ತಿದ್ದ.

*

ಕರಿಬಸಪ್ಪ ಬಂದಾಗ ಊಟದ ಹೊತ್ತು ಮೀರಿತ್ತು. ಎಪ್ಪತ್ತರ ಹತ್ತಿರದ, ಎತ್ತರದ ಮುದುಕ, ನಡು ಇನ್ನೂ ಬಾಗಿರಲಿಲ್ಲ. ಒಳಗೆ ಬಂದವನು ತಮ್ಮನ ಮುಂದೆ ನಿಂತ. ಅಳುವವನೋ ಬೈಯುವವನೋ ಎಂದು ಎಲ್ಲರೂ ನೋಡುತ್ತಿದ್ದ ಹಾಗೇ ಕುಸಿದು ಕೂತು ತಮ್ಮನ ಮೊಣಕಾಲು ತಬ್ಬಿಕೊಂಡ.

"ಲೋ, ನನಗಿಂತ ಮುಂಚೆ ಹೋಗೋಕೆ ನಿಂಗೇನಾಗಿತ್ತೋ! ಯಾವುದರಲ್ಲೂ ಸರದಿ ಗೊತ್ತಾಗ್ಲಿಲ್ಲವಲ್ಲೋ ನಿಂಗೆ!"

ಹೆಂಗಸರು ಅತ್ತರು. ಸುಮಿತ್ರಮ್ಮನಿಗೂ ಆಗ ಒಂದಿಷ್ಟು ಕಣ್ಣೀರು ಬಂತು. ಆಮೇಲೆ ಕರಿಬಸಪ್ಪ ಮೂಗು ಒರೆಸಿಕೊಂಡು, ಕಾರಿನಿಂದ ತಂದ ಸಣ್ಣ ಗೋಣಿಚೀಲವೊಂದನ್ನು ಹೆಣದ ಮುಂದೆ ಇಟ್ಟ.

"ಏನಣ್ಣಾ ಇದು?" ತಮ್ಮಯ್ಯ ಕೇಳಿದ.

"ಮಣ್ಣು. ಅಪ್ಪನ ಗದ್ದುಗೆ ಮಣ್ಣು. ಮುಂಜಾನೆ ಫೋನು ಬಂದ ತಕ್ಷಣ ಹೋಗಿ ಅಗೆದು ತಂದೆ." ಅವನ ದನಿ ಮೆತ್ತಗಾಯಿತು. "ಅವತ್ತು ಇವ್ನು ಅಪ್ಪಂಗೆ ಹಿಡಿ ಮಣ್ಣು ಹಾಕ್ಲಿಲ್ಲ. ನಾನೂ ಅದನ್ನೇ ಹಿಡ್ಕೊಂಡು ಇಷ್ಟು ವರ್ಷ ಸಾಧಿಸಿದೆ. ಹೋಗ್ಲಿ ಬಿಡು. ಈಗ ಅಪ್ಪನ ಮಣ್ಣೇ ಇವನ ತಲೆ ಮೇಲೆ ಬೀಳ್ಲಿ. ಲೆಕ್ಕ ಚುಕ್ತಾ."

ನೆರೆದವರು ಆಹಾ ಎಂದರು. ಎಂಥ ದೊಡ್ಡ ಮನಸ್ಸು, ಹಿರಿಯಣ್ಣ ಅಂದರೆ ಹೀಗಿರಬೇಕು. ಸುಮಿತ್ರಮ್ಮನಿಗೆ ಮಾತ್ರ ಚೀಲದ ಹೊಲಿಗೆಯಿಂದ ಉದುರಿದ ಕೆಂಪು ಪುಡಿ ಗಂಡನ ಪಾದದ ಕಡೆ ಹರಡುವುದೇ ಕಾಣಿಸುತ್ತಿತ್ತು. ಇನ್ನು ತಡೆಯಲಾಗಲಿಲ್ಲ. ಕಾಫಿ ಕೊಡುವ ನೆವದಲ್ಲಿ ಭಾವನನ್ನು ಅಡಿಗೆಮನೆಗೆ ಕರೆದಳು.

"ಭಾವಾ, ಒಂದು ಮಾತು."

"ಹೇಳು ತಾಯಿ."

"ಇವರನ್ನ... ಮಣ್ಣು ಮಾಡೋದು ಬೇಡ. ಸುಡೋಣ."

ಕರಿಬಸಪ್ಪ ಲೋಟ ಕೆಳಗಿಟ್ಟ. "ಏನಂದೆ?"

"ಅವರೇ ಹೇಳಿದ್ರು. ಸುಡು ಅಂತ."

"ಬಿಡ್ತು ಅನ್ನು! ಲಿಂಗ ಕಟ್ಟಿದ ಮೈ ಸುಡೋದಾ? ಅಪ್ಪ, ಅಜ್ಜ, ಮುತ್ತಜ್ಜ ಎಲ್ಲಾ ಕೂತಿರೋದು ಮಣ್ಣಲ್ಲಿ. ಇವ್ನೊಬ್ಬನಿಗೆ ಬೆಂಕಿ ಯಾಕೆ? ಕಾರಣ ಹೇಳು."

ಅವಳು ಸಕ್ಕರೆ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

"ಮದ್ರಾಸಿನ ಗಾಳಿ ಬಡೀತಾ ನಿಂಗೂ? ಕಾರಣ ಹೇಳು ಅಂದೆ."

"ಕಾರಣ ಹೇಳ್ಬೇಡ ಅಂದಿದ್ರು ಭಾವಾ."

"ಹಂಗಾದ್ರೆ ಆ ಮಾತು ಮತ್ತೆ ಎತ್ತಬೇಡ. ದುಃಖದಲ್ಲಿದೀಯ ಅಂತ ಸುಮ್ನಿದೀನಿ." ಅವನು ಕಾಫಿ ಕುಡಿಯದೆ ಹೋದ. ಬಾಗಿಲಲ್ಲಿ ನಿಂತಿದ್ದ ಶಿವರಂಜನಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಮ್ಮಾ, ಅಪ್ಪಾ ನಿಜವಾಗ್ಲೂ ಹಾಗೆ ಕೇಳಿದ್ರಾ? ಏನ್ ಅಮ್ಮಾ? ಎನಕ್ಕಾವದು ಸೊಲ್ಲು. ನನಗಾದ್ರೂ ಹೇಳು."

ಸುಮಿತ್ರಮ್ಮ ಮಗಳ ಮುಖ ನೋಡಿದಳು. ಮೂವತ್ತು ವರ್ಷ ಮುಚ್ಚಿಟ್ಟದ್ದು ಬಾಯಿ ತುದಿಗೆ ಬಂದು ಮತ್ತೆ ಒಳಗೆ ಇಳಿಯಿತು. ಇವಳಿಗೆ ಅಪ್ಪನೆಂದರೆ ಬಸ್‌ಸ್ಟ್ಯಾಂಡಿನಲ್ಲಿ ನಗುನಗುತ್ತಾ ದಾರಿ ಹೇಳುವ ಮನುಷ್ಯ. ಅವನು ಉಳಿಸಿಕೊಳ್ಳಬೇಕೆಂದಿದ್ದೂ ಅಷ್ಟನ್ನೇ. "ಆಮೇಲೆ ಹೇಳ್ತೀನಿ ಕಂದಾ," ಎಂದಳು.

*

ಎರಡು ವರ್ಷದ ಹಿಂದೆ ಸುಮಿತ್ರಮ್ಮನ ಫೋನಿಗೆ ಒಂದು ಕರೆ ಬಂತು. ಆ ಫಿಲಂ ತೆಗೆದಾತ ತೀರಿಕೊಂಡನಂತೆ. ಅವನ ಮಗಳು ಹಳೆಯ ರೀಲುಗಳನ್ನು ಸರಿಮಾಡಿಸಿ, ವಿಳಾಸ ಸಿಕ್ಕ ಸಿಪಾಯಿಗಳಿಗೆಲ್ಲ ಅವರವರ ಪಾಲಿನದನ್ನು ಕಳಿಸುತ್ತಿದ್ದಾಳಂತೆ. ನೀವು ಹೂಂ ಎನ್ನದೆ ಯಾರಿಗೂ ತೋರಿಸುವುದಿಲ್ಲ ಎಂದಳು. ಗಂಗಾಧರಪ್ಪನದು ಬಟನ್ ಫೋನು. ಹಾಗಾಗಿ ಫಿಲಂ ಬಂದದ್ದು ಇವಳ ಫೋನಿಗೆ.

ಮಗಳು ಆಫೀಸಿಗೆ ಹೋದ ಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಹಾಕಿದರು. ಕಪ್ಪು ಬಿಳುಪು. ಉದ್ದನೆಯ ವಾರ್ಡು, ಸಾಲು ಮಂಚಗಳು. ಕಾಲಿಗೆ ಏನೂ ಆಗದಿದ್ದರೂ ನಡೆಯಲಾರದ ಒಬ್ಬ ಸರ್ದಾರಜಿಯನ್ನು ಇಬ್ಬರು ನರ್ಸುಗಳು ನಡೆಸುತ್ತಿದ್ದರು. ಇನ್ನೊಬ್ಬ ಸ್ವಂತ ಹೆಸರು ಕೇಳಿದರೆ ಅಳುತ್ತಿದ್ದ. ಆಮೇಲೆ ಒಬ್ಬ ಹುಡುಗನ ಮುಖ ಬಂತು. ತಲೆ ಬೋಳಿಸಿದ್ದರು, ಕಣ್ಣು ಗುಳಿ ಬಿದ್ದಿತ್ತು. ಡಾಕ್ಟರು ಅವನ ತೋಳಿಗೆ ಸೂಜಿ ಹಾಕುತ್ತಿದ್ದರು.

"ನಿಲ್ಲಿಸು!" ಗಂಗಾಧರಪ್ಪ ಫೋನಿನ ಮೇಲೆ ಅಂಗೈ ಇಟ್ಟ. "ಸಾಕು. ನಂಗೆ ಕೇಳೋಕಾಗಲ್ಲ. ನೀನೂ ಕೇಳ್ಬೇಡ."

ಅವಳು ಕೇಳಲಿಲ್ಲ. ಅಳಿಸಿಬಿಡಲೇ ಎಂದದ್ದಕ್ಕೆ ಅವನು, ಇರಲಿ, ಅದರಲ್ಲಿ ಮುನಿಸ್ವಾಮಿ ಸುದ್ದಿ ಇದ್ದರೂ ಇರಬಹುದು, ಅವನನ್ನು ಇನ್ಯಾರು ನೆನೆಸಿಕೊಳ್ಳುತ್ತಾರೆ ಎಂದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡನೆಯ ಮಾತು ಕೇಳಿದ.

"ನಾನು ಹೋದ್ರೆ ಮಣ್ಣಿಗೆ ಹಾಕ್ಬೇಡ ಸುಮಿ. ಸುಡು."

"ಸಾಯೋ ಮಾತು ಯಾಕ್ರೀ ಈಗ? ಸತ್ತೋರಿಗೆ ಮಣ್ಣೇನು, ಬೆಂಕಿಯೇನು? ಏನೂ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂತ ಯಾರು ಬಂದು ಹೇಳಿದಾರೆ?"

ಅವತ್ತಿನಿಂದ ಆ ಭಯ ಅವಳಿಗೂ ಅಂಟಿತು.

*

ವಿಮಾನ ಬಂತು. ಬಿದಿರಿನ ಚೌಕಟ್ಟಿಗೆ ಬಾಳೆಕಂಬ, ಸೇವಂತಿಗೆ, ಬಣ್ಣದ ಕಾಗದ ಕಟ್ಟಿದ ಕೂರುವ ಪೀಠ. ಲಿಫ್ಟಿಗೆ ಹಿಡಿಸದೆ ಮೆಟ್ಟಿಲ ಮೇಲೆ ಹೊತ್ತು ತಂದರು. ಕೆಳಗೆ ರಸ್ತೆಯಲ್ಲಿ ತಮಟೆ ಶುರುವಾಯಿತು. ಅಯ್ಯನವರು ಹೆಣದ ಹಣೆಗೆ ಮತ್ತೊಮ್ಮೆ ವಿಭೂತಿ ಬಳಿದು ಮಂತ್ರ ಹೇಳತೊಡಗಿದರು. ಕರಿಬಸಪ್ಪ ಚೀಲದ ಬಾಯಿ ಬಿಚ್ಚಿ, ಕೈ ಹಾಕಿ, ಹೆಂಟೆಗಳನ್ನು ಪುಡಿಮಾಡುತ್ತಿದ್ದ. ತಮ್ಮಯ್ಯ ಗ್ರಿಲ್ಲಿನ ಗಂಟು ಬಿಚ್ಚಲು ಬಗ್ಗಿದ.

ಸುಮಿತ್ರಮ್ಮ ಎದ್ದಳು. ಹೋಗಿ ಕರಿಬಸಪ್ಪನ ಮಣ್ಣಾದ ಕೈ ಹಿಡಿದಳು. ಆ ಮನೆಯ ಸೊಸೆಯಾದ ಮೇಲೆ ಭಾವನನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಒಳಗೆ ಬನ್ನಿ ಭಾವಾ."

"ಈಗ್ಯಾಕಮ್ಮಾ? ಎತ್ತೋ ಹೊತ್ತು!"

"ಬನ್ನಿ. ಬರದಿದ್ರೆ ನನ್ನನ್ನೂ ಅದೇ ಗುಂಡೀಲಿ ಹಾಕಿ."

ಮಲಗುವ ಕೋಣೆಯ ಬಾಗಿಲು ಹಾಕಿದಳು. ಲಿಂಗದ ಮೇಲಿನ ಆಣೆ ಮುರಿಯುತ್ತಿದ್ದೇನೆ ಎಂದುಕೊಳ್ಳುತ್ತಲೇ ಫೋನು ತೆಗೆದಳು. ಎರಡೇ ಮಾತಿನಲ್ಲಿ ಹೇಳಿದಳು: ಕಾಮಾಲೆಯಲ್ಲ, ಬಂಕರು ಕುಸಿದು ಮಣ್ಣಿನಲ್ಲಿ ಹೂತುಹೋಗಿದ್ದರು, ಇದು ಆಮೇಲೆ ಆಸ್ಪತ್ರೆಯಲ್ಲಿ ತೆಗೆದದ್ದು. ಅವನು ನಿಲ್ಲಿಸು ಎಂದಿದ್ದ ಜಾಗದಿಂದ ಮುಂದಕ್ಕೆ ಒತ್ತಿದಳು. ಕಿವಿ ಮಂದವಾದ ಭಾವನಿಗೆ ಕೇಳಲಿ ಎಂದು ಸದ್ದು ಪೂರ್ತಿ ಏರಿಸಿದಳು. ಮುಂದೇನಿದೆಯೋ ಅವಳಿಗೂ ಗೊತ್ತಿರಲಿಲ್ಲ.

ಹುಡುಗನ ಕಣ್ಣು ಅರ್ಧ ಮುಚ್ಚಿತ್ತು. ಡಾಕ್ಟರು ಮುರುಕು ಕನ್ನಡದಲ್ಲಿ ಕೇಳುತ್ತಿದ್ದರು.

"ಗಂಗಾಧರ, ಈಗ ಎಲ್ಲಿದೀಯ?"

"ಒಳಗೆ."

"ಯಾರಿದಾರೆ ಜೊತೇಲಿ?"

"ಮುನಿಸ್ವಾಮಿ. ತಣ್ಣಗಾಗವ್ನೆ." ಉಸಿರು ಜೋರಾಯಿತು. "ನಮ್ಮಲ್ಲಿ ಸತ್ತೋರನ್ನ ಹೂಳ್ತಾರೆ ಡಾಕ್ಟ್ರೇ. ನಾನು ಸತ್ತೋಗಿದೀನಾ? ಇದು ನನ್ನ ಗುಂಡೀನಾ?"

"ಇಲ್ಲ, ನೀನು ಆಸ್ಪತ್ರೇಲಿದೀಯ. ಯಾರನ್ನಾದ್ರೂ ಕರಿ. ಯಾರನ್ನ ಕರೀತೀಯ?"

ಹುಡುಗನ ಕೈಗಳು ಎದ್ದು ಗಾಳಿಯನ್ನು ಬಗೆಯತೊಡಗಿದವು. ಇಬ್ಬರು ಹಿಡಿದರೂ ನಿಲ್ಲಲಿಲ್ಲ. ಬಾಯಿ ತೆರೆಯಿತು.

"ಕರಿಯಣ್ಣಾ! ಕರಿಯಣ್ಣಾ, ತೆಗಿಯೋ! ಮಣ್ಣು ತೆಗಿಯೋ! ನಾನು ಸತ್ತಿಲ್ಲ ಕಣೋ, ಉಸಿರೈತೆ ಕಣೋ! ಹಾಕ್ಬೇಡವೋ, ಅಣ್ಣಾ, ಹಾಕ್ಬೇಡವೋ!"

ಸುಮಿತ್ರಮ್ಮ ಫೋನು ಕೈಬಿಟ್ಟಳು. ಅದು ಹಾಸಿಗೆಯ ಮೇಲೆ ಬಿದ್ದು ಅಲ್ಲಿಂದಲೇ ಕೂಗುತ್ತಿತ್ತು. ಕೊನೆಗೆ ತಾನಾಗಿ ಮುಗಿಯಿತು.

ಕರಿಬಸಪ್ಪ ಮಂಚದ ಅಂಚಿನಲ್ಲಿ ಕೂತಿದ್ದ. ಕೂತದ್ದು ಯಾವಾಗಲೋ ಅವನಿಗೇ ತಿಳಿಯದು.

"ನನ್ನನ್ನೇ ಕರೀತಿದ್ನಾ?"

"ನಂಗೂ ಗೊತ್ತಿರ್ಲಿಲ್ಲ ಭಾವಾ."

"ಅವತ್ತು ಅಪ್ಪನ ಗುಂಡೀಲಿ ನಿಂತು ನಾನೇ ಕೈ ಚಾಚಿದೆ. ಇಳಿಯೋ ಅಂದೆ. ಹೇಡಿ ಅಂದೆ." ಅವನು ತನ್ನ ಕೈ ನೋಡಿಕೊಂಡ. ಬೆರಳ ಸಂದಿಯಲ್ಲೆಲ್ಲ ಕೆಮ್ಮಣ್ಣು. ಎದ್ದು, ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಕೈಗೆ ಸೋಪು ಹಚ್ಚಿ ಹಚ್ಚಿ ತೊಳೆದ. ತೊಳೆಯುತ್ತಾ ಅತ್ತ.

ಬಾಗಿಲು ತೆರೆದರೆ, ಹೊರಕೋಣೆಯಲ್ಲಿ ಇಪ್ಪತ್ತು ಮೂವತ್ತು ಜನ ಎದುರು ಗೋಡೆಗೆ ಬೆನ್ನು ಅಂಟಿಸಿ ನಿಂತಿದ್ದರು. ಅಯ್ಯನವರ ಮಂತ್ರ ನಿಂತಿತ್ತು. ಎಲ್ಲರ ಕಣ್ಣೂ ಗ್ರಿಲ್ಲಿಗೆ ಕಟ್ಟಿದ್ದ ಗಂಗಾಧರಪ್ಪನ ಮೇಲೆ. ಶಿವರಂಜನಿ ಅಪ್ಪನ ಎದೆಗೆ ಕಿವಿಯಿಟ್ಟು ಕೂತಿದ್ದಳು.

"ಅಮ್ಮಾ," ಎಂದಳು, ಕಿವಿ ತೆಗೆಯದೆ. "ಅಪ್ಪಾ ಕೂಗಿದ್ರು. ನಾನು ಕೇಳಿದೆ. ಎಲ್ಲಾರೂ ಕೇಳಿದ್ರು."

ಮುಗಿಯಿತು, ಇನ್ನು ಊರಿಗೆಲ್ಲ ತಿಳಿಯುತ್ತದೆ, ಹುಚ್ಚ ಎನ್ನುತ್ತಾರೆ ಎಂದುಕೊಂಡಳು ಸುಮಿತ್ರಮ್ಮ. ಬಾಗಿಲು ದಾಟಿ ಬಂದಿದ್ದು ಆ ಕೂಗು ಮಾತ್ರ. ಕರಿಬಸಪ್ಪ 'ಆಸ್ಪತ್ರೆ' ಎಂದರೆ ಸಾಕಿತ್ತು.

ಅವನು ಅನ್ನಲಿಲ್ಲ. "ಹೆದರ್ಬೇಡಿ. ಫೋನಲ್ಲಿ ಅವನ ಹಳೇ ದನಿ ಇತ್ತು, ನನಗಂತ ಇಟ್ಟಿದ್ದ," ಎಂದ. "ಅಣ್ಣ ತಮ್ಮಂದಿರ ಮಾತು. ನೀವ್ಯಾರೂ ಕೇಳೋ ಹಂಗಿಲ್ಲ. ಅಯ್ಯನೋರೇ, ಇವನನ್ನ ಮಣ್ಣಿಗೆ ಹಾಕಲ್ಲ. ಸುಡ್ತೀವಿ."

"ಕರಿಬಸಪ್ಪಾ! ಇದೇನು ಮಾತು? ಗುಂಡಿ ತೋಡಿ ಆಗಿದೆ!"

"ಪಾಪ ಬಂದ್ರೆ ನನ್ನ ತಲೆಗೆ. ನಾನು ಹಿರೀಕ, ನಾನು ಹೇಳ್ತಾ ಇದೀನಿ."

ಗದ್ದಲವೆದ್ದಿತು. ಇಬ್ಬರು ಮುಖ ಸಿಂಡರಿಸಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅಯ್ಯನವರು ವಿಭೂತಿಯ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಲಿಂಗವಾದರೂ ಮಣ್ಣಿಗೆ ಸೇರಲಿ, ದೇಹದ ಮಾತು ನಿಮಗೆ ಬಿಟ್ಟದ್ದು ಎಂದರು. ತಮ್ಮಯ್ಯ ತಲೆ ಕೆರೆದುಕೊಳ್ಳುತ್ತಾ ಚಿತಾಗಾರಕ್ಕೆ ಫೋನು ಮಾಡಿದ. ಮಾತಾಡುತ್ತಾ ಅವನ ಮುಖ ಬಿಳಿಚಿಕೊಂಡಿತು.

"ಅಣ್ಣಾ, ಆಗಲ್ಲವಂತೆ. ಅದು ಗ್ಯಾಸಿನ ಒಲೆ, ಉದ್ದಕ್ಕೆ ಮಲಗಿಸಿದ್ರೆ ಮಾತ್ರ ಒಳಗೆ ಹೋಗುತ್ತಂತೆ." ಅವನು ಗಂಗಾಧರಪ್ಪನ ಮಡಿಚಿದ ಕಾಲುಗಳನ್ನು ನೋಡಿದ. ಮುಂಜಾನೆ ತಾನೇ ಮಡಿಚಿದ್ದು. ಈಗ ಸೆಟೆದು ಮರದ ಕೊರಡು. "ಇಂಥದ್ದಕ್ಕೆ... ಕೆಲವರು ರಾಡಿನಲ್ಲಿ ಹೊಡೆದು ಮುರೀತಾರೆ ಅಂತ ಕೇಳಿದೀನಿ."

ಸುಮಿತ್ರಮ್ಮ ಕಿವಿ ಮುಚ್ಚಿಕೊಂಡಳು. ಮಣ್ಣಿನಿಂದ ಬಿಡಿಸಿ ಇದಕ್ಕೆ ಒಪ್ಪಿಸಿದೆನೇ ಎಂದುಕೊಂಡಳು.

"ಯಾರೂ ಮುಟ್ಟಬೇಡಿ," ಎಂದ ಕರಿಬಸಪ್ಪ. "ಸುಮಿತ್ರಾ, ಬಿಸಿನೀರು ಕಾಯಿಸು. ಹರಳೆಣ್ಣೆ ಇದ್ರೆ ತಾ."

ಗ್ರಿಲ್ಲಿನ ಗಂಟು ಬಿಚ್ಚಿದರು. ಗಂಗಾಧರಪ್ಪನನ್ನು ಮಗಳು ಬೆನ್ನಿಗೆ ಒರಗಿಸಿಕೊಂಡಳು. ಕರಿಬಸಪ್ಪ ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕೂತು, ತಮ್ಮನ ಬಲಗಾಲು ತನ್ನ ತೊಡೆಯ ಮೇಲೆ ಎಳೆದುಕೊಂಡ. ಸುಮಿತ್ರಮ್ಮ ಬಿಸಿನೀರಿನಲ್ಲಿ ಅದ್ದಿದ ಟವೆಲನ್ನು ಮಂಡಿಗೆ ಸುತ್ತಿದಳು, ಆರಿದರೆ ಮತ್ತೆ ಅದ್ದಿದಳು. ಮುದುಕನ ಹೆಬ್ಬೆರಳು ಎಣ್ಣೆಯಲ್ಲಿ ಜಾರುತ್ತಾ ಮಂಡಿಯ ಸುತ್ತ, ಮೀನಖಂಡದ ಮೇಲೆ, ಮೇಲೆ ಕೆಳಗೆ ತಿಕ್ಕಿತು. ಕೆಳಗೆ ತಮಟೆಯವರು ಏನಾಯಿತೆಂದು ತಿಳಿಯದೆ ಬಡಿಯುವುದು ನಿಲ್ಲಿಸಿದ್ದರು.

ಬಹಳ ಹೊತ್ತು ಏನೂ ಆಗಲಿಲ್ಲ. ಕರಿಬಸಪ್ಪನ ಬೆವರು ತಮ್ಮನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ಬಿಡೋ," ಎಂದ, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವ ಹಾಗೆ. "ಬಿಗಿ ಹಿಡೀಬೇಡ್ವೋ. ಯಾರೂ ಹಾಕಲ್ಲ. ಕಾಲು ಬಿಡು ಮಗಾ."

ಮಂಡಿಯೊಳಗೆ ಲಟಕ್ಕೆಂದಿತು. ಸುಮಿತ್ರಮ್ಮ ಬೆಚ್ಚಿ ಹಿಂದೆ ಸರಿದಳು. ಕಾಲು ಅಣ್ಣನ ಅಂಗೈಯಲ್ಲಿ ಅಷ್ಟಷ್ಟಾಗಿ ಸಡಿಲವಾಗಿ, ಉದ್ದವಾಗಿ, ಹಿಮ್ಮಡಿ ನೆಲಕ್ಕೆ ತಾಗಿತು. ಕರಿಬಸಪ್ಪ ಅದನ್ನು ಒಂದು ಸಲ ಸವರಿ, ಅಂಗೈಗೆ ಮತ್ತೆ ಎಣ್ಣೆ ಸುರಿದುಕೊಂಡು, ಇನ್ನೊಂದು ಕಾಲಿಗೆ ಕೈಹಾಕಿದ.